ಮಲೆನಾಡಿನ ಅಪಾರ್ಟ್‌ಮೆಂಟಿನ ಹೊರಗೋಡೆಗೆ ಸಿಮೆಂಟ್ ಪೇಂಟೋ, ಎಮಲ್ಷನ್ನೋ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಹೊರಗೋಡೆಗಳು ಪಾಚಿಗಟ್ಟಿ ಕಪ್ಪಾಗುವುದರಿಂದ, ನಿವಾಸಿಗಳ ಸಂಘಗಳು ಬಣ್ಣವನ್ನು ಬೆಲೆಯೊಂದನ್ನೇ ನೋಡಿ ಆರಿಸಬಾರದು.

ಸಿಮೆಂಟ್ ಪೇಂಟ್ ಅಗ್ಗ. ಪುಡಿಯನ್ನು ನೀರಿನಲ್ಲಿ ಕಲಸಿ, ತೇವಗೊಳಿಸಿದ ಗೋಡೆಗೆ ಬಳಿದು, ಆನಂತರವೂ ನೀರುಣಿಸಬೇಕಾಗುತ್ತದೆ. ಗೋಡೆಯೊಳಗಿನ ತೇವ ಹೊರಹೋಗಲು ಅದು ಅಡ್ಡಿಯಾಗುವುದಿಲ್ಲ. ಆದರೆ ಅದರ ಒರಟು ಮೈ ನೀರನ್ನು ಹೀರಿಕೊಳ್ಳುವುದರಿಂದ ಪಾಚಿ ಬೇಗ ಹಿಡಿಯುತ್ತದೆ.

ಅಕ್ರಿಲಿಕ್ ಎಮಲ್ಷನ್ (ಅಕ್ರಿಲಿಕ್ ಅಂಟಿರುವ, ನೀರು ಬೆರೆಸಿ ಬಳಿಯುವ ದ್ರವ ಬಣ್ಣ) ದುಬಾರಿಯಾದರೂ ಮಳೆನೀರನ್ನು ಹೆಚ್ಚು ತಡೆಯುತ್ತದೆ, ಬಣ್ಣವೂ ಹೆಚ್ಚು ಕಾಲ ಉಳಿಯುತ್ತದೆ. ಪಾಚಿ ಮತ್ತು ಬೂಷ್ಟು ನಿರೋಧಕ ಬೆರೆಸಿದ ದರ್ಜೆಯನ್ನೇ ಕೇಳಿ ಪಡೆಯುವುದು ಇಲ್ಲಿ ಅತ್ಯಗತ್ಯ. ತೇವ ಆರದ ಗೋಡೆಗೆ ಅಥವಾ ಉದುರುತ್ತಿರುವ ಹಳೆಯ ಸಿಮೆಂಟ್ ಪೇಂಟಿನ ಮೇಲೆ ನೇರವಾಗಿ ಬಳಿದರೆ ಮಾತ್ರ ಅದು ಗುಳ್ಳೆಯೆದ್ದು ಸುಲಿಯುತ್ತದೆ. ಹೀಗಾಗಿ ಕೆರೆದು, ತೊಳೆದು, ಒಣಗಿಸಿ, ಪ್ರೈಮರ್ (ಬಣ್ಣ ಚೆನ್ನಾಗಿ ಹಿಡಿಯಲು ಮೊದಲು ಬಳಿಯುವ ತಳಪದರ) ಹಚ್ಚುವ ಕೆಲಸವನ್ನು ಗುತ್ತಿಗೆ ಪತ್ರದಲ್ಲಿಯೇ ನಮೂದಿಸಬೇಕು.

ಮೂರು, ನಾಲ್ಕು ಮಹಡಿಗಳ ಕಟ್ಟಡಕ್ಕೆ ಪ್ರತಿ ಬಾರಿಯೂ ಸಾರುವೆ ಕಟ್ಟುವ ಖರ್ಚು ಬೀಳುವುದರಿಂದ ನಾನು ಎಮಲ್ಷನ್ನನ್ನೇ ಶಿಫಾರಸು ಮಾಡುತ್ತೇನೆ. ಕೈಗೆಟಕುವ ಕಾಂಪೌಂಡ್ ಗೋಡೆಗೆ ಸಿಮೆಂಟ್ ಪೇಂಟ್ ಸಾಕು. ಯಾವುದನ್ನು ಆರಿಸಿದರೂ, ಪ್ಯಾರಾಪೆಟ್ಟಿನ ಬಿರುಕು ಮತ್ತು ಪೈಪಿನ ಜೋಡಣೆಗಳ ಸೋರಿಕೆಯನ್ನು ಮೊದಲು ಸರಿಪಡಿಸಿ, ಗೋಡೆ ಚೆನ್ನಾಗಿ ಒಣಗಿದ ಡಿಸೆಂಬರ್‌ನ ನಂತರವೇ ಕೆಲಸ ಆರಂಭಿಸುವುದು ಸೂಕ್ತ.