ಕಾಂಪೋಸಿಟ್ ಬಾಂಡಿಂಗ್: ಮೊದಲ ಹೊಳಪು ಇಳಿದ ಮೇಲಿನ ವಿಮರ್ಶೆ

ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ರಾಳವನ್ನು ಹಲ್ಲಿಗೆ ಅಂಟಿಸಿ ಆಕಾರ ಕೊಡುವುದೇ ಬಾಂಡಿಂಗ್. ಅದನ್ನು ಮಾಡಿಸಿದ ವಾರದಲ್ಲಿ ಎಲ್ಲರ ಹಲ್ಲೂ ಚೆನ್ನಾಗಿಯೇ ಕಾಣುತ್ತದೆ. ಕೆಲಸದ ನಿಜವಾದ ಗುಣಮಟ್ಟ ಗೊತ್ತಾಗುವುದು ಎರಡು ಮೂರು ವರ್ಷ ಕಳೆದ ಮೇಲೆ, ಅದೂ ರಾಳ ಹಲ್ಲಿಗೆ ಸೇರುವ ಅಂಚಿನಲ್ಲಿ.

ಮುಂದಿನ ಹಲ್ಲುಗಳ ನಡುವಿನ ಸಣ್ಣ ಸಂದಿಗೆ, ಮುಕ್ಕಾದ ತುದಿಗೆ ಇದಕ್ಕಿಂತ ಹಗುರವಾದ ಚಿಕಿತ್ಸೆ ಕಡಿಮೆ. ಸಾಮಾನ್ಯವಾಗಿ ಹಲ್ಲು ಕೊರೆಯುವುದಿಲ್ಲ, ಮರಗಟ್ಟಿಸುವ ಇಂಜೆಕ್ಷನ್ನೂ ಬೇಕಾಗುವುದಿಲ್ಲ. ಚೂರು ಎದ್ದರೆ ಎದ್ದ ಜಾಗಕ್ಕಷ್ಟೇ ತೇಪೆ ಹಾಕಬಹುದು. ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ ಹೊದಿಕೆಯಾದ ವಿನೀರ್‌ನಲ್ಲಿ ಅದು ಅಷ್ಟು ಸುಲಭವಲ್ಲ.

ಕುರ್ಚಿಯಲ್ಲಿ ಕೂತಾಗ ಗಮನಿಸಬೇಕಾದ ಮೊದಲ ವಿಷಯ ಶೇಡ್, ಅಂದರೆ ರಾಳದ ಬಣ್ಣ. ಬಾಯಿ ತೆರೆದು ಒಣಗಿದ ಹಲ್ಲು ಬೆಳ್ಳಗೆ ಕಾಣುತ್ತದೆ, ಆದ್ದರಿಂದ ಬಣ್ಣವನ್ನು ಹಲ್ಲು ಒದ್ದೆಯಿರುವಾಗಲೇ, ಎಲ್ಲಕ್ಕೂ ಮೊದಲು ಆರಿಸಬೇಕು. ಆಮೇಲೆ ಸುಮಾರು 37% ಫಾಸ್ಫಾರಿಕ್ ಆಮ್ಲದ ಜೆಲ್ ಹಚ್ಚಿ, 15ರಿಂದ 30 ಸೆಕೆಂಡ್ ಬಿಟ್ಟು ತೊಳೆಯುತ್ತಾರೆ. ಒಣಗಿಸಿದಾಗ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಸೀಮೆಸುಣ್ಣದಂತೆ ಮಂಕು ಬಿಳಿಯಾಗಬೇಕು. ಅದರ ಮೇಲೆ ಬಾಂಡ್ ಎಂಬ ಅಂಟುದ್ರವ ತೆಳುವಾಗಿ ಹರಡಿ, ನೀಲಿ ಬೆಳಕಿನಿಂದ ಗಟ್ಟಿ ಮಾಡಿ, ಕಾಂಪೋಸಿಟ್ಟನ್ನು 2 ಮಿ.ಮೀ. ಮೀರದ ಪದರಗಳಲ್ಲಿ ಕಟ್ಟುತ್ತಾರೆ. ಈ ನಡುವೆ ಎಂಜಲು ಅಥವಾ ವಸಡಿನ ರಕ್ತ ಒಂದು ತೊಟ್ಟು ತಾಗಿದರೂ ಅಲ್ಲಿ ಅಂಟು ಹಿಡಿಯುವುದಿಲ್ಲ. ಹಲ್ಲನ್ನು ಎಂಜಲಿನಿಂದ ಬೇರ್ಪಡಿಸುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, ಹಾಕಿಕೊಳ್ಳುವುದು ಕಿರಿಕಿರಿ ನಿಜ, ಆದರೆ ಅದನ್ನು ಹಾಕುವ ಡೆಂಟಿಸ್ಟ್‌ಗೇ ನನ್ನ ಮತ.

ಹೆಚ್ಚು ಕೇಳಿಬರುವ ದೂರು ಅಂಚಿನ ಕಂದು ಗೆರೆ. ಇದರಲ್ಲಿ ಎರಡು ಬಗೆ. ಎನಾಮೆಲ್ ಮೇಲೆ ಹರಡಿಕೊಂಡ ತೆಳು ರಾಳದ ಪೊರೆಗೆ ಬಣ್ಣ ಹತ್ತಿದ್ದರೆ ಡಿಸ್ಕ್‌ನಲ್ಲಿ ಉಜ್ಜಿ ಪಾಲಿಶ್ ಮಾಡಿದರೆ ಸಾಕು. ಅಂಟು ಬಿಟ್ಟು ಕಾಫಿ ಟೀ ಬಣ್ಣ ಒಳಗೇ ಇಳಿದಿದ್ದರೆ ಎಷ್ಟು ಉಜ್ಜಿದರೂ ಹೋಗದು. ಆ ಭಾಗ ಕೆರೆದು ಮತ್ತೆ ತುಂಬಬೇಕು. ಫ್ಲಾಸ್ (ಹಲ್ಲುಸಂದಿ ಶುಚಿ ಮಾಡುವ ದಾರ) ಪ್ರತಿ ಸಲ ಒಂದೇ ಕಡೆ ಸಿಕ್ಕಿ ಎಳೆ ಬಿಡುತ್ತಿದ್ದರೆ, ಅಲ್ಲೇ ವಸಡು ರಕ್ತ ಬರಿಸುತ್ತಿದ್ದರೆ, ಹೆಚ್ಚುವರಿ ರಾಳ ಚಾಚಿಕೊಂಡಿದೆ ಎಂಬ ಅನುಮಾನ ಬರಬೇಕು. “ರೂಢಿಯಾಗುತ್ತದೆ” ಎಂಬ ಮಾತಿಗೆ ಒಪ್ಪಬೇಡಿ.

ತುದಿ ಮುರಿಯುವುದು ಬಹುಪಾಲು ಕಚ್ಚುವಿಕೆಯ ತಪ್ಪು. ಹಲ್ಲು ತಾಗುವ ಕಡೆ ಬಣ್ಣದ ಗುರುತು ಬೀಳಿಸುವ ಕಚ್ಚುಕಾಗದ ಇಟ್ಟು ಬರೀ ಬಾಯಿ ಮುಚ್ಚಿಸಿ ನೋಡಿದರೆ ಸಾಲದು, ದವಡೆಯನ್ನು ಮುಂದಕ್ಕೂ ಪಕ್ಕಕ್ಕೂ ಸರಿಸಿ ನೋಡಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ನೈಟ್ ಗಾರ್ಡ್ (ರಾತ್ರಿ ಹಲ್ಲಿಗೆ ತೊಡುವ ಕವಚ) ಇಲ್ಲದ ಬಾಂಡಿಂಗ್ ಹಣ ದಂಡ.

ಹಲ್ಲು ಬೆಳ್ಳಗಾಗಿಸುವ ಬ್ಲೀಚಿಂಗ್ ಆಸೆಯಿದ್ದರೆ ಅದು ಮೊದಲು, ನಂತರ ಸುಮಾರು ಎರಡು ವಾರ ಬಿಟ್ಟು ಬಾಂಡಿಂಗ್. ಬ್ಲೀಚ್ ಆದ ಎನಾಮೆಲ್‌ನಲ್ಲಿ ಉಳಿದ ಆಮ್ಲಜನಕ ರಾಳ ಗಟ್ಟಿಯಾಗಲು ಬಿಡುವುದಿಲ್ಲ. ಮುಗಿದ ಕಾಂಪೋಸಿಟ್ ಅಂತೂ ಬ್ಲೀಚ್‌ಗೆ ಬೆಳ್ಳಗಾಗುವುದೇ ಇಲ್ಲ. ಇದ್ದಿಲಿನ ಪೇಸ್ಟ್, ಒರಟು ವೈಟನಿಂಗ್ ಪೇಸ್ಟ್‌ಗಳು ಪಾಲಿಶ್ ತಿನ್ನುತ್ತವೆ. ಹೊಳಪು ಹೋದ ಮೇಲ್ಮೈಗೆ ಕಲೆ ಇನ್ನೂ ಬೇಗ ಹತ್ತುತ್ತದೆ. ವರ್ಷಕ್ಕೊಮ್ಮೆ ಪಾಲಿಶ್, ನಡುನಡುವೆ ಚಿಕ್ಕ ರಿಪೇರಿ ಇದ್ದೇ ಇರುತ್ತದೆ. ಐದಾರು ವರ್ಷ ಬಂದರೆ ಒಳ್ಳೆಯ ಬಾಳಿಕೆ.

“ಬೇಡವಾದರೆ ತೆಗೆಸಬಹುದು, ಹಲ್ಲು ಮೊದಲಿನಂತೆಯೇ ಇರುತ್ತದೆ” ಎಂಬ ಜಾಹೀರಾತಿನ ಮಾತು ಮುಕ್ಕಾಲು ನಿಜ. ಬಣ್ಣ ಹೊಂದಿಕೊಂಡ ರಾಳವನ್ನು ಕೆರೆಯುವಾಗ ಅದೆಲ್ಲಿ ಮುಗಿದು ಎನಾಮೆಲ್ ಎಲ್ಲಿ ಶುರುವಾಗುತ್ತದೆ ಎಂಬುದು ಕಣ್ಣಿಗೆ ಸಿಗುವುದಿಲ್ಲ. ನೇರಳೆ ಬೆಳಕು ಹಾಯಿಸಿದರೆ ಅನೇಕ ಕಾಂಪೋಸಿಟ್‌ಗಳು ಹಲ್ಲಿಗಿಂತ ಬೇರೆಯಾಗಿ ಹೊಳೆಯುತ್ತವೆ. ತೆಗೆಸುವ ಮುನ್ನ ಆ ದೀಪ ಇದೆಯೇ ಎಂದು ಕೇಳಿ.