ರೇಸ್ ನೋಡಲು ಕಾರಿನಲ್ಲಿ ಹೋಗುವವರಿಗೆ: ಫೋರೆಕ್ಸ್ ಕಾರ್ಡೋ, ಕ್ರೆಡಿಟ್ ಕಾರ್ಡೋ?

ಮೊದಲೇ ಹೇಳಿಬಿಡುತ್ತೇನೆ, ವಿದೇಶದಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳುವುದಾದರೆ ನನ್ನ ಓಟು ಕ್ರೆಡಿಟ್ ಕಾರ್ಡಿಗೆ. ಅದೂ ಕಾರು ಓಡಿಸುವವನ ಹೆಸರಲ್ಲೇ ಇರುವ ಕಾರ್ಡಿಗೆ. ಇಷ್ಟು ಕಲಿಯಲು ನಾನು ಐದು ದಿನದ ಕಾರು ಬಾಡಿಗೆ ಕಟ್ಟಿದ್ದೇನೆ. ಕಾರು ಮಾತ್ರ ಸಿಗಲಿಲ್ಲ.

ನಾನು ಬೆಳಗಾವಿ ಕಡೆಯವನು. ಇರುವುದು ಪುಣೆಯಲ್ಲಿ, ಕೆಲಸ ಚಾಕಣದ ಒಂದು ಗಾಡಿ ಪಾರ್ಟ್ಸ್ ಕಂಪನಿಯಲ್ಲಿ. 2013ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಫಾರ್ಮುಲಾ ಒನ್ ನಡೆದಾಗ ‘ಮುಂದಿನ ವರ್ಷ ಹೋದರಾಯ್ತು’ ಅಂತ ಸುಮ್ಮನಿದ್ದೆ. ಆ ಮುಂದಿನ ವರ್ಷ ಬರಲೇ ಇಲ್ಲ, ರೇಸ್ ನಿಂತೇ ಹೋಯಿತು. ಹಾಗಾಗಿ 2024ರ ಜೂನ್‌ನಲ್ಲಿ ಆಸ್ಟ್ರಿಯಾದ ಸ್ಪೀಲ್‌ಬರ್ಗ್‌ಗೆ, 2025ರ ಆಗಸ್ಟ್‌ನಲ್ಲಿ ಹಂಗೇರಿಯ ಹಂಗರೋರಿಂಗ್ ಟ್ರ್ಯಾಕಿಗೆ ರೇಸ್ ನೋಡಲು ಹೋಗಿ ಬಂದೆ. ಎರಡು ಸಲವೂ ಜೊತೆಗಿದ್ದವರು ನಮ್ಮ ಭಾವ. ಮೊದಲ ಸಲ ಫೋರೆಕ್ಸ್ ಕಾರ್ಡ್, ಎರಡನೇ ಸಲ ಕ್ರೆಡಿಟ್ ಕಾರ್ಡ್.

ಫೋರೆಕ್ಸ್ ಕಾರ್ಡ್ ಯಾಕೆ ಮಾಡಿಸಿದೆ ಅಂದರೆ, ನನಗೆ ಸಾಲ ಅಂದರೆ ಮೈ ಉರಿ. ನಮ್ಮ ಅಪ್ಪ ಕಿರಾಣಿ ಅಂಗಡಿಯಲ್ಲೂ ಉದ್ರಿ ಬರೆಸಿದವರಲ್ಲ. ಇದರಲ್ಲಾದರೆ ಮೊದಲೇ ಯೂರೊ ತುಂಬಿಸಿಬಿಡುವುದು, ಅವತ್ತಿನ ರೇಟು ಅವತ್ತಿಗೆ ಗಟ್ಟಿ, ಖರ್ಚು ಕೈ ಮೀರುವುದಿಲ್ಲ. ಬ್ಯಾಂಕಿನವರು ಅರ್ಧ ಗಂಟೆಯಲ್ಲಿ ಕಾರ್ಡ್ ಕೈಗಿಟ್ಟರು. ಅದರ ಮೇಲೆ ನನ್ನ ಹೆಸರೇ ಇರಲಿಲ್ಲ. ನಾನದನ್ನು ಗಮನಿಸಲೂ ಇಲ್ಲ.

ಗಮನಿಸಿದ್ದು ವಿಯೆನ್ನಾ ಏರ್‌ಪೋರ್ಟಿನ ಬಾಡಿಗೆ ಕಾರಿನ ಕೌಂಟರಿನ ಹುಡುಗಿ. ಬಾಡಿಗೆಯ ದುಡ್ಡು ಪುಣೆಯಿಂದಲೇ ಕಟ್ಟಿದ್ದೆ. ಬುಕಿಂಗ್ ಕಾಗದ, ಪಾಸ್‌ಪೋರ್ಟ್, ಇಲ್ಲಿಯ ಲೈಸೆನ್ಸ್, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಎಲ್ಲಾ ಸಾಲಾಗಿ ಜೋಡಿಸಿಟ್ಟೆ. ಅವಳು ಒಂದೊಂದಾಗಿ ನೋಡಿ ಪಕ್ಕಕ್ಕಿಟ್ಟಳು. ಕೊನೆಗೆ ಕಾರ್ಡ್ ಕೈಗೆತ್ತಿಕೊಂಡಳು. ಮುಂದೆ ನೋಡಿದಳು, ತಿರುಗಿಸಿ ಹಿಂದೆ ನೋಡಿದಳು. ‘ಪ್ರೀಪೇಯ್ಡ್’ ಅಂತ ಸಣ್ಣಕ್ಷರದಲ್ಲಿ ಬರೆದಿದ್ದ ಕಡೆ ಉಗುರಿಟ್ಟು ತೋರಿಸಿದಳು. ಡಿಪಾಸಿಟ್‌ಗೆ ಕ್ರೆಡಿಟ್ ಕಾರ್ಡೇ ಬೇಕು, ಇದು ನಡೆಯುವುದಿಲ್ಲ.

ಕಾರ್ಡಿನಲ್ಲಿ 2,200 ಯೂರೊ ಇದೆ, ಅವರು ಕೇಳಿದ್ದು 1,000. ಈಗಲೇ ಎಳೆದುಕೊಳ್ಳಿ ಅಂದೆ. ಆಗುವುದಿಲ್ಲ. ನಗದು ಕೊಡುತ್ತೇನೆ ಅಂದೆ. ಅದೂ ಆಗುವುದಿಲ್ಲ. ವಿಷಯ ಇಷ್ಟೇ: ಅವರು ಆ ದುಡ್ಡನ್ನು ತೆಗೆದುಕೊಳ್ಳುವುದಿಲ್ಲ, ಬ್ಲಾಕ್ ಮಾಡಿ ಇಡುತ್ತಾರೆ. ಕಾರಿಗೆ ಪೆಟ್ಟು ಬಿದ್ದರೆ, ಹದಿನೈದು ದಿನ ಬಿಟ್ಟು ಸ್ಪೀಡಿಂಗ್ ದಂಡದ ಚೀಟಿ ಬಂದರೆ, ಅದೇ ಕಾರ್ಡಿನಿಂದ ಎಳೆಯಬೇಕು. ಫೋರೆಕ್ಸ್ ಕಾರ್ಡ್ ಅಷ್ಟೊತ್ತಿಗೆ ಖಾಲಿಯಾಗಿರಬಹುದು ಅಲ್ವಾ? ಈಗ ಯೋಚಿಸಿದರೆ ನ್ಯಾಯವೇ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಭಾವನ ಹತ್ತಿರ ಒಳ್ಳೆಯ ಕ್ರೆಡಿಟ್ ಕಾರ್ಡ್ ಇತ್ತು. ತೆಗೆದುಕೊಟ್ಟರು. ಹುಡುಗಿ ಹೆಸರು ನೋಡಿ, ‘ಕಾರು ಓಡಿಸುವವರು ಇವರಾ?’ ಅಂದಳು. ಭಾವನಿಗೆ ಸ್ಕೂಟರ್ ಲೈಸೆನ್ಸ್ ಬಿಟ್ಟರೆ ಬೇರೆ ಇಲ್ಲ. ಬುಕಿಂಗ್‌ನಲ್ಲಿ ಮುಖ್ಯ ಡ್ರೈವರ್ ನಾನು, ಕಾರ್ಡೂ ನನ್ನ ಹೆಸರಲ್ಲೇ ಇರಬೇಕಂತೆ. ಪಕ್ಕಕ್ಕೆ ಬಂದು ಬ್ಯಾಗಿನ ಮೇಲೆ ಕೂತು ಭಾವ ಅಂದರು, “ಲೈಸೆನ್ಸ್ ನಿನ್ನ ಕಡೆ ಐತಿ, ಕಾರ್ಡ್ ನನ್ನ ಕಡೆ ಐತಿ. ಇಬ್ಬರೂ ಕೂಡಿ ಒಬ್ಬ ಡ್ರೈವರ್ ಆದ್ವಿ ನೋಡಪಾ.” ಬುಕಿಂಗ್ ಷರತ್ತುಗಳಲ್ಲಿ ಇದೆಲ್ಲ ಮೊದಲೇ ಬರೆದಿತ್ತು. ಹನ್ನೊಂದನೇ ಪುಟದಲ್ಲಿ. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ.

ವಿಯೆನ್ನಾದಿಂದ ಸ್ಪೀಲ್‌ಬರ್ಗ್ ಸುಮಾರು 200 ಕಿ.ಮೀ. ರೂಮು ಲೇಯೊಬೆನ್‌ನಲ್ಲಿತ್ತು, ಅಲ್ಲಿಗೆ ರೈಲಿನಲ್ಲಿ ಹೋದೆವು. ದಾರಿಯಲ್ಲಿ ಸೆಮ್ಮರಿಂಗ್ ಘಟ್ಟ ಬರುತ್ತದೆ. 1854ರಲ್ಲಿ ಕಟ್ಟಿದ ರೈಲು ಮಾರ್ಗ, ಯುನೆಸ್ಕೋ ಪಟ್ಟಿಯಲ್ಲೂ ಇದೆ. ನಮ್ಮ ಖಂಡಾಲಾ ಘಟ್ಟದ ಥರವೇ ಸೇತುವೆ, ಸುರಂಗ. ದುಡ್ಡು ಹೋದ ಸಿಟ್ಟಿನಲ್ಲೂ ಕಿಟಕಿ ಬಿಟ್ಟು ಏಳಲಾಗಲಿಲ್ಲ. ಭಾನುವಾರ ಮತ್ತೆ ರೈಲು ಹಿಡಿದು ಟ್ರ್ಯಾಕಿಗೆ ಹತ್ತಿರದ ಕ್ನಿಟ್ಟೆಲ್‌ಫೆಲ್ಡ್‌ನಲ್ಲಿ ಇಳಿದು ರೇಸ್ ನೋಡಿದೆವು. ಮೂರನೇ ತಿರುವಿನಲ್ಲಿ ವರ್‌ಸ್ಟಾಪನ್, ನಾರಿಸ್ ಇಬ್ಬರೂ ತಾಕಿಕೊಂಡರು, ಹಿಂದಿದ್ದ ರಸೆಲ್ ಗೆದ್ದ. ರೇಸಿಗೇನೂ ಕಮ್ಮಿ ಆಗಲಿಲ್ಲ. ಕಾರು ಓಡಿಸುವ ಆಸೆ ಹಾಗೇ ಉಳಿಯಿತು.

ಎರಡನೇ ಸಲ ಹಟ ಹಿಡಿದು ಕ್ರೆಡಿಟ್ ಕಾರ್ಡ್ ಮಾಡಿಸಿದೆ. ವಿಯೆನ್ನಾದಲ್ಲೇ ಕಾರು ತೆಗೆದುಕೊಂಡು ಬುಡಾಪೆಸ್ಟ್‌ಗೆ ಹೋಗುವ ಪ್ಲಾನು, ಸುಮಾರು 240 ಕಿ.ಮೀ. ಕೌಂಟರಿನಲ್ಲಿ ಎಂಟು ನಿಮಿಷ ಹಿಡಿಯಿತು. ನಾನು ಗಡಿಯಾರ ನೋಡಿಕೊಂಡೇ ನಿಂತಿದ್ದೆ.

ಖರ್ಚಿನ ಲೆಕ್ಕ ಹೇಳುತ್ತೇನೆ. ಸಾಮಾನ್ಯ ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ಖರ್ಚಿಗೆ 3.5% ಮಾರ್ಕಪ್ (ಬ್ಯಾಂಕು ಮೇಲೆ ಹಾಕುವ ಚಾರ್ಜು), ಅದರ ಮೇಲೆ 18% ಜಿಎಸ್‌ಟಿ. ಲಕ್ಷ ರೂಪಾಯಿಗೆ 4,130 ಹೋಯಿತು. 2% ಮಾರ್ಕಪ್ ಇರುವ ಕಾರ್ಡಾದರೆ 2,360. ನಾನು ಹುಡುಕಿ ಇದನ್ನೇ ತೆಗೆದುಕೊಂಡೆ. ಫೋರೆಕ್ಸ್ ಕಾರ್ಡಿನಲ್ಲಿ ಈ ಖರ್ಚು ಕಣ್ಣಿಗೆ ಕಾಣುವುದಿಲ್ಲ, ಬ್ಯಾಂಕು ಕೊಡುವ ರೇಟಿನಲ್ಲೇ ಸೇರಿರುತ್ತದೆ. ಇನ್ನು ಹಂಗೇರಿಯಲ್ಲಿ ಯೂರೊ ಇಲ್ಲ, ಫೋರಿಂಟ್. ಯೂರೊ ತುಂಬಿಸಿದ ಕಾರ್ಡ್ ಉಜ್ಜಿದರೆ ಮತ್ತೊಂದು ಸಲ ಬದಲಾವಣೆ, ಮತ್ತೊಂದು ಚಾರ್ಜು. ರೇಟು ಗಟ್ಟಿ ಮಾಡಿಕೊಂಡ ಲಾಭ ಅಲ್ಲಿಗೆ ಮುಗಿಯಿತು.

ಕ್ರೆಡಿಟ್ ಕಾರ್ಡಿಗೂ ತನ್ನ ತಲೆನೋವು ಇದೆ. ಹೊಸ ಕಾರ್ಡಿನಲ್ಲಿ ವಿದೇಶದ ಬಳಕೆ ಆಫ್ ಆಗಿಯೇ ಬರುತ್ತದೆ, ಆ್ಯಪಿನಲ್ಲಿ ಆನ್ ಮಾಡಬೇಕು. ಪಿನ್ ಬಾಯಿಪಾಠ ಇರಲಿ, ಆಳಿಲ್ಲದ ಪೆಟ್ರೋಲ್ ಪಂಪಿನಲ್ಲಿ ಅದೇ ಗತಿ. ಡಿಪಾಸಿಟ್ ಬ್ಲಾಕ್ ಆದಷ್ಟು ದಿನ ನಿಮ್ಮ ಲಿಮಿಟ್ ಕಮ್ಮಿ. ನನ್ನದು ಕಾರು ವಾಪಸ್ ಕೊಟ್ಟು ಹನ್ನೆರಡು ದಿನಕ್ಕೆ ಬಿಟ್ಟಿತು. ಹೊರಡುವ ಮೊದಲು ಲಿಮಿಟ್ ಜಾಸ್ತಿ ಮಾಡಿಸಿಕೊಂಡಿದ್ದರಿಂದ ಬಚಾವಾದೆ.

ಹೆಸರಿನ ವಿಷಯ ನಮ್ಮವರಿಗೆ ಮುಖ್ಯ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಪೂರ್ತಿ ಇರುತ್ತದೆ, ಕಾರ್ಡಿನಲ್ಲಿ ಬರೀ ಇನಿಷಿಯಲ್. ನಾನು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಹಾಕಿಸಿದೆ.

ಇನ್ನೊಂದು. ಹಂಗರೋರಿಂಗ್ ಹೊರಗೆ ಲಾಂಗೋಶ್ ಮಾರುತ್ತಾರೆ, ನಮ್ಮ ಪೂರಿಗೆ ಅಣ್ಣನ ಹಾಗೆ, ಮೇಲೆ ಚೀಸ್. ಮಷಿನ್ ಪರದೆಯ ಮೇಲೆ ಫೋರಿಂಟ್ ಒಂದು ಕಡೆ, ರೂಪಾಯಿ ಒಂದು ಕಡೆ. ಅಂಗಡಿಯವನ ಹೆಬ್ಬೆರಳು ರೂಪಾಯಿ ಕಡೆಗೇ ಹೊರಟಿತ್ತು. ತಡೆದೆ. ರೂಪಾಯಿ ಒತ್ತಿದರೆ ಅವರ ರೇಟು, ಅದು ಸಾಮಾನ್ಯವಾಗಿ ದುಬಾರಿ. ಆ ಊರಿನ ದುಡ್ಡನ್ನೇ ಒತ್ತಬೇಕು. ಇದು ಎರಡೂ ಕಾರ್ಡಿಗೆ ಅನ್ವಯ.

ನಗದು ಯೂರೊ: ಕಾಫಿಗೆ, ಶೌಚಾಲಯಕ್ಕೆ. ಡೆಬಿಟ್ ಕಾರ್ಡ್: ಕಾರು ಬಾಡಿಗೆಗೆ ನಂಬಬೇಡಿ.

ಇಂಟರ್‌ನ್ಯಾಷನಲ್ ಪರ್ಮಿಟ್ ಎರಡು ಸಲವೂ ಆರ್‌ಟಿಒದಲ್ಲಿ ಮಾಡಿಸಿದೆ. ಸಾರಥಿ ವೆಬ್‌ಸೈಟಿನಲ್ಲಿ ಫಾರ್ಮ್ 4ಎ, ಫೀ 1,000 ರೂಪಾಯಿ, ಡಾಕ್ಟರ ಸರ್ಟಿಫಿಕೇಟು. ವೀಸಾ, ಟಿಕೆಟ್ ಪ್ರತಿ ಕೇಳುತ್ತಾರೆ. ಹಾಗಾಗಿ ವೀಸಾ ಬಂದ ಮೇಲೇ ಹೋಗಿ. ಒಂದು ವರ್ಷಕ್ಕಷ್ಟೇ ನಡೆಯುತ್ತದೆ, ಅದಕ್ಕೇ ಎರಡು ಸಲ ಮಾಡಿಸಬೇಕಾಯಿತು. ಹಂಗೇರಿಯ ಹೈವೇ ಟೋಲಿಗೆ ಸ್ಟಿಕ್ಕರ್ ಇಲ್ಲ, ಕಾರಿನ ನಂಬರಿನ ಮೇಲೆ ಮೊಬೈಲಿನಲ್ಲೇ ಇ-ಮಾತ್ರಿತ್ಸಾ ಅನ್ನುವ ಡಿಜಿಟಲ್ ಟೋಲ್ ಪಾಸ್ ತೆಗೆದುಕೊಳ್ಳಬೇಕು. ನಂಬರ್ ಗೊತ್ತಾಗುವುದೇ ಕೀ ಕೈಗೆ ಬಂದ ಮೇಲೆ. ಪಾರ್ಕಿಂಗ್‌ನಲ್ಲೇ ನಿಂತು ಮುಗಿಸಿದೆ, ಕ್ರೆಡಿಟ್ ಕಾರ್ಡಿನಿಂದಲೇ. ಕಾರನ್ನು ಗಡಿ ದಾಟಿಸಲು ಬುಕಿಂಗ್ ಮಾಡುವಾಗಲೇ ಒಪ್ಪಿಗೆ ಕೇಳಿಕೊಂಡಿದ್ದೆ.

ಓಡಿಸಿದ್ದು ಹೇಗಿತ್ತು ಅಂತ ಕೇಳಬೇಡಿ. ಮೊದಲ ಅರ್ಧ ಗಂಟೆ ಪ್ರತಿ ತಿರುವಿನಲ್ಲೂ ಇಂಡಿಕೇಟರ್ ಬದಲು ವೈಪರ್ ಹಾಕಿದೆ. ಬಿರುಬಿಸಿಲು, ವೈಪರ್ ಟಕ್ ಟಕ್ ಅಂತಿದೆ. ಭಾವ ಏನೂ ಮಾತಾಡದೆ ಸೀಟ್ ಬೆಲ್ಟ್ ಹಿಡಿದು ಕೂತಿದ್ದರು.

ಬರೀ ಬಸ್ಸು, ರೈಲಿನಲ್ಲಿ ತಿರುಗುವವರಿಗೆ ಫೋರೆಕ್ಸ್ ಕಾರ್ಡ್ ಸಾಕು. ಸಾಲಕ್ಕೆ ಹೆದರುವ ನನ್ನಂಥವರಿಗೆ ಒಂದು ಉಪಾಯ: ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಅಲ್ಲಿಂದಲೇ ಎರಡು ದಿನಕ್ಕೊಮ್ಮೆ ಕಟ್ಟುತ್ತಾ ಬಂದೆ. ರಾತ್ರಿ ನಿದ್ದೆ ಬಂತು.

ಆ ಹಳೇ ಫೋರೆಕ್ಸ್ ಕಾರ್ಡ್ ಇನ್ನೂ ಡ್ರಾಯರ್‌ನಲ್ಲಿದೆ, ಅದರಲ್ಲಿ 38 ಯೂರೊ ಉಳಿದಿದೆ. ವಾಪಸ್ ಪಡೆಯಲು ಶಾಖೆಗೇ ಬಂದು ಫಾರ್ಮ್ ತುಂಬಬೇಕಂತೆ. ಭಾವ ಮೊನ್ನೆ ಫೋನ್ ಮಾಡಿದ್ದರು. ಮುಂದಿನ ಸಲ ಇಟಲಿಯ ಮೊನ್ಜಾ ರೇಸಿಗೆ ಹೋಗೋಣ, ಆ 38 ಯೂರೊಗೆ ಪಿಜ್ಜಾ ತಿನ್ನೋಣ ಅಂದರು. ಕಾರು ಕಲಿಯುವ ಮಾತು ಮಾತ್ರ ಎತ್ತಲಿಲ್ಲ.