ಪಂಪ್ ಬದಲಿಸುವುದೋ, ಗೇಜ್ ಹಾಕುವುದೋ?

ಹಳೆಯ ಟ್ರ್ಯಾಕ್ಟರ್‌ನ ಪವರ್ ಸ್ಟೇರಿಂಗ್ ಬಿಗಿಯಾದಾಗ ಅನುಮಾನ ಬಂದ ಭಾಗವನ್ನು ಬದಲಿಸಬಹುದು, ಇಲ್ಲವೇ ಗೇಜಿನಿಂದ ಆಯಿಲ್ ಒತ್ತಡ ಅಳೆದು ದೋಷ ಹುಡುಕಬಹುದು. ನಾನು ಎರಡನ್ನೂ ಒಂದೇ ಟ್ರ್ಯಾಕ್ಟರ್‌ನಲ್ಲಿ ಮಾಡಿ ನೋಡಿದ್ದೇನೆ.

ಎಂಜಿನ್ ನಿಧಾನವಾಗಿ ಓಡುವಾಗ ಸ್ಟೇರಿಂಗ್ ಕಲ್ಲಿನಂತಿರುತ್ತಿತ್ತು, ವೇಗ ಹೆಚ್ಚಿಸಿದರೆ ಹಗುರವಾಗುತ್ತಿತ್ತು. ಪಂಪ್ ಸವೆದರೂ ಹೀಗೇ ಆಗುತ್ತದೆ. ಹಾಗಾಗಿ ಹೊಸ ಪಂಪ್, ಆಯಿಲ್, ಫಿಲ್ಟರ್ ಎಲ್ಲವನ್ನೂ ಹಾಕಿದೆ. ಬೆಳಿಗ್ಗೆ ಒಂದೇ ಕೈಯಲ್ಲಿ ಸಲೀಸಾಗಿ ತಿರುಗಿತು. ಒಂದು ಗಂಟೆ ಉಳುವಷ್ಟರಲ್ಲಿ ಮತ್ತದೇ ಬಿಗಿ. ಆಯಿಲ್ ಕಾದು ತೆಳುವಾದಂತೆ ಒಳಸೋರಿಕೆ, ಅಂದರೆ ಹೊರಗೆ ಕಾಣದೆ ಭಾಗಗಳ ಒಳಗೇ ಆಗುವ ಸೋರಿಕೆ, ಹೆಚ್ಚುತ್ತದೆ. ಬೆಳಗಿನ ಗಟ್ಟಿ ಆಯಿಲ್ ಅದನ್ನು ಮರೆಮಾಡಿತ್ತು.

ಆಮೇಲೆ ಪಂಪಿನಿಂದ ಹೊರಡುವ ಹೋಸಿಗೆ ಟೀ (T ಆಕಾರದ ಕವಲು ಕೊಂಡಿ) ಜೋಡಿಸಿ ಪ್ರೆಷರ್ ಗೇಜ್ ಹಾಕಿದೆ. ರಿಲೀಫ್ ವಾಲ್ವ್ ತೆರೆದು ಹೆಚ್ಚಿನ ಆಯಿಲನ್ನು ಹಿಂದಕ್ಕೆ ಬಿಡುವ ಮಿತಿಯೇ ರಿಲೀಫ್ ಒತ್ತಡ; ಕೈಪಿಡಿ ಹೇಳುವ ಆ ಒತ್ತಡಕ್ಕಿಂತ ಹೆಚ್ಚು ತಡೆಯುವ ಗೇಜೇ ಬೇಕು. ಆಯಿಲ್ ಬಿಸಿಯಾಗಿದ್ದಾಗಲೇ ಅಳೆಯಬೇಕು, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿ ಕೆಲವೇ ಸೆಕೆಂಡು ಹಿಡಿದೆ. ಒತ್ತಡ ಬಹಳ ಕಡಿಮೆ ಬಂತು. ಎಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ಮುಂದಿನ ಚಕ್ರಗಳನ್ನು ತಿರುಗಿಸುವ ಸ್ಟೇರಿಂಗ್ ಸಿಲಿಂಡರಿನ ಎರಡೂ ಹೋಸ್‌ಗಳನ್ನು ಬಿಚ್ಚಿ ಉಕ್ಕಿನ ಬಿರಡೆಗಳಿಂದ ಮುಚ್ಚಿದೆ. ಮತ್ತೆ ಎಂಜಿನ್ ಚಾಲೂ ಮಾಡಿ ಒಂದು ಕ್ಷಣ ತಿರುಗಿಸಿದಾಗ ಮುಳ್ಳು ರಿಲೀಫ್ ಒತ್ತಡಕ್ಕೇ ಏರಿತು. ಅಲ್ಲಿಗೆ ಪಂಪ್, ರಿಲೀಫ್ ವಾಲ್ವ್, ಸ್ಟೇರಿಂಗ್ ಯೂನಿಟ್ (ಸ್ಟೇರಿಂಗ್ ತಿರುಗಿಸಿದಂತೆ ಆಯಿಲನ್ನು ಸಿಲಿಂಡರಿಗೆ ಕಳಿಸುವ ಭಾಗ) ಮೂರೂ ನಿರ್ದೋಷಿಗಳಾದವು. ಸಿಲಿಂಡರಿನ ಪಿಸ್ಟನ್ ಸೀಲ್ ಹೋಗಿ, ಆಯಿಲ್ ಒಳಗೇ ಪಿಸ್ಟನ್ನಿನ ಒಂದು ಬದಿಯಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಹೊರಗೆ ಒಂದು ಹನಿಯೂ ಸೋರಿರಲಿಲ್ಲ.

ಸೀಲ್ ಕಿಟ್ಟೋ ಹೊಸ ಸಿಲಿಂಡರೋ ಎಂಬುದನ್ನು ಉಗುರೇ ಹೇಳುತ್ತದೆ. ರಾಡಿನ ಮೇಲೆ, ಸಿಲಿಂಡರಿನ ಒಳಗೋಡೆಯ ಮೇಲೆ ಉಗುರಿಗೆ ಗೀರು ಸಿಕ್ಕಿದರೆ ಹೊಸ ಸೀಲ್ ಬಾಳುವುದಿಲ್ಲ. ನನ್ನದು ನುಣುಪಾಗಿತ್ತು, ಕಿಟ್ ಸಾಕಾಯಿತು.

ಗೇಜಿಗೂ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಮುಂದಿನ ಆಕ್ಸಲನ್ನು ಜಾಕಿನಿಂದ ಎತ್ತಿ, ಭದ್ರವಾದ ಆಸರೆ ಕೊಟ್ಟು ತಿರುಗಿಸಿ ನೋಡಿ. ಚಕ್ರಗಳು ನೆಲ ಬಿಟ್ಟಿದ್ದರೂ ಬಿಗಿಯಾಗಿದ್ದರೆ ಗ್ರೀಸ್ ಕಾಣದ ಕಿಂಗ್‌ಪಿನ್‌ಗಳನ್ನು (ಮುಂದಿನ ಚಕ್ರಗಳು ಎಡಬಲಕ್ಕೆ ಹೊರಳುವ ಕೀಲುಗಳನ್ನು) ಮೊದಲು ಗಮನಿಸಿ. ಟ್ಯಾಂಕಿನಲ್ಲಿ ನೊರೆ ಕಂಡರೆ ಪಂಪಿನ ಹೀರುವ ಹೋಸ್ ಗಾಳಿ ಎಳೆಯುತ್ತಿದೆಯೇ ನೋಡಿ. ಸೋರಿಕೆ ಹುಡುಕಲು ಮಾತ್ರ ಬರಿಗೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ; ಆ ಒತ್ತಡದಲ್ಲಿ ಆಯಿಲ್ ಚರ್ಮದೊಳಗೆ ನುಗ್ಗುತ್ತದೆ.

ಬಿಚ್ಚಿಟ್ಟಿದ್ದ ಹಳೆಯ ಪಂಪನ್ನು ಮರುಜೋಡಿಸಿ, ಬಿಸಿ ಆಯಿಲ್‌ನಲ್ಲಿ ಅದೇ ಗೇಜಿನಿಂದ ಅಳೆದೆ. ಹೊಸದರಷ್ಟೇ ಒತ್ತಡ ಬಂತು. ಈಗಲೂ ಅದೇ ಓಡುತ್ತಿದೆ.